ಬೈಕಾಲ್ ಸರೋವರದ ಜೀವವೈವಿಧ್ಯ: ಆಳ ಮತ್ತು ಅಂಚು

ಕನ್ನಡ ನಾಡಿನಲ್ಲಿ ಕೆರೆಯೆಂದರೆ ಬಹುಮಟ್ಟಿಗೆ ಕಟ್ಟಿದ್ದು. ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ, ತೂಬು ಇಟ್ಟು, ಕೋಡಿ ಬಿಟ್ಟು ಮನುಷ್ಯರೇ ನಿರ್ಮಿಸಿದ ಜಲಾಶಯಗಳನ್ನು ನಾವು ಕೆರೆ, ಕಟ್ಟೆ, ಸಮುದ್ರ ಎಂದು ಕರೆಯುತ್ತ ಬಂದಿದ್ದೇವೆ. ಇವುಗಳ ಆಯುಸ್ಸನ್ನು ನಿರ್ಧರಿಸುವುದು ಹೂಳು. ಕಟ್ಟುಕೊಡಗೆ, ದಸವಂದ ಮೊದಲಾದ ಹೆಸರುಗಳಲ್ಲಿ ಕೆರೆಯ ನಿರ್ಮಾಣಕ್ಕೂ ದುರಸ್ತಿಗೂ ಬಿಟ್ಟ ದತ್ತಿಗಳನ್ನು ನಮ್ಮ ಶಾಸನಗಳು ಮತ್ತೆ ಮತ್ತೆ ದಾಖಲಿಸಿವೆ. ಹೂಳೆತ್ತದ ಕೆರೆ ಕೆಲವು ತಲೆಮಾರುಗಳಲ್ಲಿ ಹೊಲವಾಗುತ್ತದೆಂಬುದನ್ನು ಆ ದಾನಿಗಳು ಚೆನ್ನಾಗಿ ಬಲ್ಲವರಾಗಿದ್ದರು. ನಿಸರ್ಗನಿರ್ಮಿತ ಸರೋವರಗಳೂ ಈ ನಿಯಮಕ್ಕೆ ಹೊರತಲ್ಲ. ಉತ್ತರ ಯುರೋಪು ಮತ್ತು ಉತ್ತರ ಅಮೆರಿಕಗಳ ಬಹುತೇಕ ಸರೋವರಗಳು ಕೊನೆಯ ಹಿಮಯುಗದ ಹಿಮನದಿಗಳು ಹಿಂದೆ ಸರಿದಾಗ ಹುಟ್ಟಿದವು. ಅವುಗಳ ವಯಸ್ಸು ಹತ್ತು ಹದಿನೈದು ಸಾವಿರ ವರ್ಷಗಳು ಮಾತ್ರ. ನದಿಗಳು ತಂದು ಸುರಿಯುವ ಮಣ್ಣು ಅವುಗಳನ್ನೂ ನಿಧಾನವಾಗಿ ತುಂಬುತ್ತಿದೆ. ಭೂವಿಜ್ಞಾನದ ಲೆಕ್ಕದಲ್ಲಿ ಸರೋವರವೆಂಬುದು ಅಲ್ಪಾಯುಷಿ.

ಅಲ್ಪಾಯುಷಿಯಾದ ನೆಲೆಯಲ್ಲಿ ಹೊಸ ಜೀವಪ್ರಭೇದಗಳು ರೂಪುಗೊಳ್ಳಲು ಬೇಕಾದಷ್ಟು ಅವಕಾಶವಿರುವುದಿಲ್ಲ. ಹೀಗಾಗಿ ಸಾಮಾನ್ಯ ಸರೋವರವೊಂದರಲ್ಲಿ ನಾವು ಕಾಣುವ ಮೀನು, ಸಿಗಡಿ, ಬಸವನಹುಳುಗಳು ಸುತ್ತಲಿನ ನದಿಗಳಿಂದ ಬಂದು ನೆಲೆಸಿದವು. ಆ ಸರೋವರ ನಾಳೆ ಬತ್ತಿದರೂ ಅವುಗಳ ಕುಲ ಬೇರೆಡೆ ಉಳಿದಿರುತ್ತದೆ. ಈ ಮಾತಿಗೆ ಅಪವಾದವಾಗಿ ನಿಲ್ಲುವ ಕೆಲವೇ ಪ್ರಾಚೀನ ಸರೋವರಗಳಲ್ಲಿ ದಕ್ಷಿಣ ಸೈಬೀರಿಯಾದ ಬೈಕಾಲ್ ಅಗ್ರಗಣ್ಯವಾದುದು. ಅದರ ವಯಸ್ಸು ಸುಮಾರು 2.5 ಕೋಟಿ ವರ್ಷಗಳೆಂದು ಅಂದಾಜಿಸಲಾಗಿದೆ. ಅಲ್ಲಿ ಗುರುತಿಸಲಾಗಿರುವ ಎರಡೂವರೆ ಸಾವಿರಕ್ಕೂ ಹೆಚ್ಚು ಪ್ರಾಣಿಪ್ರಭೇದಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಭೂಮಿಯ ಮೇಲೆ ಮತ್ತೆಲ್ಲಿಯೂ ಇಲ್ಲ. ಹೀಗೆ ಒಂದೇ ನೆಲೆಗೆ ಸೀಮಿತವಾದ ಜೀವಿಗಳನ್ನು ಸ್ಥಾನಿಕ ಪ್ರಭೇದಗಳೆಂದು ಕರೆಯುವುದು ರೂಢಿ.

ಬೈಕಾಲನ್ನು ಕುರಿತ ಬರಹಗಳು ಸಾಮಾನ್ಯವಾಗಿ ಅದರ ಗಾತ್ರವನ್ನು ಬಣ್ಣಿಸುವುದರಲ್ಲಿಯೇ ಮುಗಿಯುತ್ತವೆ. ಓದುಗನಲ್ಲಿ ಇದರಿಂದ ಒಂದು ತಪ್ಪು ಭರವಸೆ ಹುಟ್ಟುತ್ತದೆಂದು ನನ್ನ ಭಾವನೆ. ಇಷ್ಟು ಅಗಾಧವಾದ ನೀರಿಗೆ ಮನುಷ್ಯ ಏನು ತಾನೇ ಕೆಡುಕು ಮಾಡಿಯಾನು ಎಂಬುದು ಆ ಭರವಸೆ. ಆದರೆ ಸರೋವರದ ನೀರು ಬಹುಪಾಲು ಇರುವುದು ಆಳದಲ್ಲಿ, ಜೀವಪ್ರಭೇದಗಳು ಹೆಚ್ಚಾಗಿ ಇರುವುದು ಅಂಚಿನಲ್ಲಿ. ಈ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಂಡು ಬೈಕಾಲಿನ ಜೀವಸಂಕುಲವನ್ನು ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೂಳಿಗೆ ಸೋಲದ ಸರೋವರ

ರಷ್ಯಾದ ಇರ್ಕುತ್ಸ್ಕ್ ಪ್ರಾಂತ ಹಾಗೂ ಬುರ್ಯಾತಿಯ ಗಣರಾಜ್ಯಗಳ ನಡುವೆ ಬಾಳೆಕಾಯಿಯಂತೆ ಬಾಗಿ ಮಲಗಿರುವ ಬೈಕಾಲಿನ ಉದ್ದ 636 ಕಿಲೋಮೀಟರ್; ಬೆಂಗಳೂರಿನಿಂದ ಬೀದರಿಗೆ ರಸ್ತೆಯಲ್ಲಿ ಹೋಗುವ ದೂರಕ್ಕಿಂತ ಸ್ವಲ್ಪ ಕಡಿಮೆ. ಅತಿ ಹೆಚ್ಚಿನ ಅಗಲ ಸುಮಾರು 79 ಕಿಲೋಮೀಟರ್. ವಿಸ್ತೀರ್ಣ ಸುಮಾರು 31,700 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಆರನೆಯ ಒಂದು ಭಾಗ. ಮೇಲ್ಮೈಯನ್ನು ಮಾತ್ರ ನೋಡಿದರೆ ಇದಕ್ಕಿಂತ ದೊಡ್ಡ ಸಿಹಿನೀರಿನ ಸರೋವರಗಳು ಇವೆ. ಬೈಕಾಲಿನ ಹಿರಿಮೆ ಇರುವುದು ಆಳದಲ್ಲಿ. ಅದರ ಅತ್ಯಂತ ಆಳವಾದ ಸ್ಥಳ 1,642 ಮೀಟರ್ ಕೆಳಗಿದೆ. ಸುಮಾರು 23,600 ಘನ ಕಿಲೋಮೀಟರ್ ನೀರನ್ನು ಹಿಡಿದಿಟ್ಟಿರುವ ಈ ಸರೋವರದಲ್ಲಿ ಭೂಮಿಯ ಮೇಲ್ಮೈಯಲ್ಲಿ ದ್ರವರೂಪದಲ್ಲಿರುವ ಸಿಹಿನೀರಿನ ಐದನೆಯ ಒಂದು ಭಾಗ ಸೇರಿದೆ. ಮುನ್ನೂರಕ್ಕೂ ಹೆಚ್ಚು ನದಿ ತೊರೆಗಳು ಇದಕ್ಕೆ ಬಂದು ಕೂಡುತ್ತವೆ. ಹೊರಹೋಗುವುದು ಅಂಗಾರಾ ನದಿಯೊಂದೇ. ಒಳಬಂದ ನೀರಿನ ಹನಿಯೊಂದು ಹೊರಹೋಗಲು ಸರಾಸರಿ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಗುತ್ತದೆ. ಈ ಅಂಕಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಇಲ್ಲಿಗೆ ಸೇರಿದ ಕಲ್ಮಶವೂ ಬೇಗನೆ ಹೊರಹೋಗಲಾರದು.

ಇಷ್ಟು ಪ್ರಾಚೀನವಾದ ಸರೋವರ ಇನ್ನೂ ಹೂಳಿನಿಂದ ತುಂಬಿಲ್ಲವೇಕೆ? ಹೂಳು ಇಲ್ಲವೆಂದಲ್ಲ, ಬೈಕಾಲಿನ ತಳದಲ್ಲಿ ಹಲವು ಕಿಲೋಮೀಟರುಗಳಷ್ಟು ದಪ್ಪ ಕೆಸರಿನ ಪದರಗಳಿವೆ. ಆದರೆ ಸರೋವರ ಕುಳಿತಿರುವುದು ಭೂಚಿಪ್ಪು ಬಿರಿಯುತ್ತಿರುವ ಸೀಳುಕಣಿವೆಯೊಂದರ ಮೇಲೆ. ಎರಡು ದಡಗಳು ವರ್ಷಕ್ಕೆ ಕೆಲವು ಮಿಲಿಮೀಟರುಗಳಷ್ಟು ದೂರ ಸರಿಯುತ್ತಿದ್ದು, ನಡುವಿನ ನೆಲ ಕುಸಿಯುತ್ತಲೇ ಇದೆ. ನದಿಗಳು ತುಂಬುವುದಕ್ಕಿಂತ ನೆಲ ಕುಸಿಯುವುದು ಮುಂದಿರುವುದರಿಂದ ಸರೋವರ ಉಳಿದುಕೊಂಡಿದೆ. ಭೂಕಂಪಗಳು ಅಲ್ಲಿ ಅಪರೂಪವಲ್ಲ. 1862ರ ಜನವರಿಯಲ್ಲಿ ಸೆಲೆಂಗಾ ನದಿಯ ಮುಖಜ ಭೂಮಿಯ ಬಳಿ ಸಂಭವಿಸಿದ ಭೂಕಂಪದಿಂದ ವಿಶಾಲವಾದ ಹುಲ್ಲುಗಾವಲೊಂದು ಕುಸಿದು ಕೊಲ್ಲಿಯಾಯಿತು. ಅದಕ್ಕೆ ಪ್ರೊವಾಲ್, ಅಂದರೆ ಕುಸಿತ, ಎಂಬ ಹೆಸರೇ ನಿಂತಿದೆ.

ತಳದವರೆಗೂ ಆಮ್ಲಜನಕ

ಕಾಲ ಮತ್ತು ಆಳ ಎರಡೂ ಇದ್ದ ಮಾತ್ರಕ್ಕೆ ಜೀವವೈವಿಧ್ಯ ಸಿದ್ಧಿಸುವುದಿಲ್ಲ. ಪೂರ್ವ ಆಫ್ರಿಕದ ಟ್ಯಾಂಗನಿಕಾ ಸರೋವರ ಇದಕ್ಕೆ ಉತ್ತಮ ನಿದರ್ಶನ. ಅದೂ ಸೀಳುಕಣಿವೆಯ ಸರೋವರ, ಅದೂ ಪ್ರಾಚೀನ, ಆಳದಲ್ಲಿ ಬೈಕಾಲಿನ ನಂತರದ ಸ್ಥಾನ ಅದರದು. ಆದರೆ ಸುಮಾರು 200 ಮೀಟರುಗಳಿಂದ ಕೆಳಗೆ ಟ್ಯಾಂಗನಿಕಾದ ನೀರಿನಲ್ಲಿ ಆಮ್ಲಜನಕವಿಲ್ಲ. ಅಲ್ಲಿ ಮೀನಾಗಲಿ ಸಿಗಡಿಯಾಗಲಿ ಬದುಕಲಾರವು. ಉಷ್ಣವಲಯದಲ್ಲಿ ಮೇಲಿನ ಬೆಚ್ಚನೆಯ ನೀರು ಹಗುರವಾಗಿ ಮೇಲೆಯೇ ಉಳಿದು, ಕೆಳಗಿನ ತಣ್ಣೀರಿನೊಂದಿಗೆ ಬೆರೆಯದಿರುವುದು ಇದಕ್ಕೆ ಕಾರಣ. ಬೈಕಾಲಿನಲ್ಲಾದರೋ ಒಂದೂವರೆ ಕಿಲೋಮೀಟರ್ ಕೆಳಗಿನ ತಳದಲ್ಲಿಯೂ ಪ್ರಾಣಿಗಳು ನಿರಾತಂಕವಾಗಿ ಉಸಿರಾಡುತ್ತವೆ.

ಮೇಲಿನ ಗಾಳಿ ಕೆಳಗಿಳಿಯುವ ಬಗೆ ಸ್ವಾರಸ್ಯಕರವಾಗಿದೆ. ನೀರು ಅತ್ಯಂತ ಸಾಂದ್ರವಾಗಿರುವುದು 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎಂದು ನಾವು ಶಾಲೆಯಲ್ಲಿ ಕಲಿಯುತ್ತೇವೆ. ಆದರೆ ಈ ಮಾತು ಮೇಲ್ಮೈಯ ನೀರಿಗೆ ಮಾತ್ರ ಅನ್ವಯಿಸುತ್ತದೆ. ಒತ್ತಡ ಹೆಚ್ಚಿದಂತೆ ಈ ಮಿತಿ ಪ್ರತಿ ನೂರು ಮೀಟರ್ ಆಳಕ್ಕೆ ಸುಮಾರು 0.2 ಡಿಗ್ರಿಯಷ್ಟು ಕೆಳಗಿಳಿಯುತ್ತದೆ. ಸರೋವರದ ಆಳದ ನೀರು ವರ್ಷವಿಡೀ 3.3 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹಿಮಗಟ್ಟುವ ಮೊದಲು ಮತ್ತು ಹಿಮ ಕರಗಿದ ಮೇಲೆ, ಮೇಲಿನ ನೀರು ಇದಕ್ಕಿಂತ ತಣ್ಣಗಿರುವಾಗ, ಬಲವಾದ ಗಾಳಿ ಅದನ್ನು ದಡದತ್ತ ಒತ್ತಿ ಇಳಿಜಾರಿನ ಗುಂಟ ಕೆಳಗೆ ನೂಕುತ್ತದೆ. ಮೇಲೆ ಹಗುರವಾಗಿದ್ದ ಆ ತಣ್ಣೀರು ಇನ್ನೂರು ಮುನ್ನೂರು ಮೀಟರ್ ದಾಟಿದ ಮೇಲೆ, ಬದಲಾದ ಒತ್ತಡದಲ್ಲಿ, ಸುತ್ತಲಿನ ನೀರಿಗಿಂತ ಭಾರವಾಗುತ್ತದೆ. ಅಲ್ಲಿಂದ ಮುಂದೆ ನೂಕುವವರೇ ಬೇಕಿಲ್ಲ. ತನ್ನ ಭಾರಕ್ಕೆ ತಾನೇ ತಳದತ್ತ ಜಾರುತ್ತದೆ, ಜೊತೆಗೆ ಆಮ್ಲಜನಕವನ್ನೂ ಕೊಂಡೊಯ್ಯುತ್ತದೆ. ಚಳಿ, ಗಾಳಿ, ಕಡಿದಾದ ತಟ ಈ ಮೂರೂ ಕೂಡಿದ್ದರಿಂದಲೇ ಬೈಕಾಲಿನ ಆಳ ಸಜೀವವಾಗಿದೆ. ಹವಾಮಾನ ಬೆಚ್ಚಗಾದಂತೆ ಈ ವ್ಯವಸ್ಥೆಗೆ ಏನಾದೀತೆಂಬುದು ತಜ್ಞರನ್ನು ಕಾಡುತ್ತಿರುವುದು ಇದೇ ಕಾರಣಕ್ಕಾಗಿ.

ಗಡೀಪಾರಾದವನ ಶೋಧ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೂ ಬೈಕಾಲ್ ಜೀವದರಿದ್ರವಾದ ಸರೋವರವೆಂಬ ಅಭಿಪ್ರಾಯವಿತ್ತು. ಅದನ್ನು ಬದಲಿಸಿದವನು ಪೋಲೆಂಡಿನ ಪ್ರಾಣಿವಿಜ್ಞಾನಿ ಬೆನೆಡಿಕ್ಟ್ ಡಿಬೋವ್‌ಸ್ಕಿ. ರಷ್ಯಾದ ಚಕ್ರಾಧಿಪತ್ಯದ ವಿರುದ್ಧ 1863ರಲ್ಲಿ ನಡೆದ ಪೋಲಿಷ್ ದಂಗೆಯಲ್ಲಿ ಭಾಗವಹಿಸಿದ್ದಕ್ಕಾಗಿ ಸೈಬೀರಿಯಾಕ್ಕೆ ಗಡೀಪಾರಾದ ಈತ, ಸರೋವರದ ನೈಋತ್ಯ ತುದಿಯ ಕುಲ್ತುಕ್ ಗ್ರಾಮದಲ್ಲಿ ನೆಲೆಸಿ, ತನ್ನಂತೆಯೇ ಶಿಕ್ಷೆಗೊಳಗಾಗಿದ್ದ ವಿಕ್ಟರ್ ಗೊಡ್ಲೆವ್‌ಸ್ಕಿಯೊಂದಿಗೆ ಚಳಿಗಾಲದಲ್ಲಿ ಹಿಮದ ಹಾಸಿಗೆ ರಂಧ್ರ ಕೊರೆದು ಆಳದ ಜೀವಿಗಳನ್ನು ಮೇಲೆತ್ತಿದನು. ದೋಣಿಯಲ್ಲಿ ಕುಳಿತು ಬಿರುಗಾಳಿಯೊಂದಿಗೆ ಹೋರಾಡುವುದಕ್ಕಿಂತ ಗಟ್ಟಿ ಹಿಮದ ಮೇಲೆ ನಿಂತು ಕೆಲಸ ಮಾಡುವುದು ಸುಲಭವೆಂಬುದನ್ನು ಅವರು ಕಂಡುಕೊಂಡಿದ್ದರು. 1874ರಲ್ಲಿ ಪ್ರಕಟವಾದ ಡಿಬೋವ್‌ಸ್ಕಿಯ ಗ್ರಂಥ ಆಂಫಿಪಾಡ್ ಎಂಬ ಒಂದೇ ವರ್ಗದ ಸಿಗಡಿಬಂಧುಗಳಲ್ಲಿ ನೂರರಷ್ಟು ಬಗೆಗಳನ್ನು ವರ್ಣಿಸಿತು.

ಇಂದು ಬೈಕಾಲಿನ ಆಂಫಿಪಾಡುಗಳ ಪಟ್ಟಿ ಪ್ರಭೇದ, ಉಪಪ್ರಭೇದಗಳು ಸೇರಿ 350ನ್ನು ಮೀರಿದೆ. ಬಹುತೇಕ ಎಲ್ಲವೂ ಸ್ಥಾನಿಕ. ಬೇರೆಡೆಯ ಹಳ್ಳಕೊಳ್ಳಗಳಲ್ಲಿ ಈ ವರ್ಗದ ಪ್ರಾಣಿಗಳು ಬೆರಳಿನ ಉಗುರಿನಷ್ಟಿರುತ್ತವೆ, ಬಣ್ಣವೂ ಮಂಕು. ಬೈಕಾಲಿನಲ್ಲಾದರೋ ಕೆಂಪು, ಹಸಿರು, ನೇರಳೆ ಬಣ್ಣದವು, ಮೈತುಂಬ ಮುಳ್ಳು ಹೊತ್ತವು, ಕೆಸರಿನಲ್ಲಿ ಹೂತಿರುವವು, ಸ್ಪಂಜುಗಳ ಮೇಲೆ ಬದುಕುವವು, ಹೆಣ ತಿನ್ನುವವು, ಕೈಬೆರಳಿನಷ್ಟು ಉದ್ದದವು ಹೀಗೆ ಒಂದೇ ವಂಶ ನೂರಾರು ಕಸುಬು ಹಿಡಿದಿದೆ. ಇವುಗಳ ದೊಡ್ಡ ಗಾತ್ರಕ್ಕೂ ತಣ್ಣೀರಿನಲ್ಲಿ ಸಮೃದ್ಧವಾಗಿ ಕರಗಿರುವ ಆಮ್ಲಜನಕಕ್ಕೂ ಸಂಬಂಧವಿದೆಯೆಂದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಸಮುದ್ರದ ಆಂಫಿಪಾಡುಗಳೊಂದಿಗೆ ಹೋಲಿಸಿ ಮಾಡಿದ ಆ ಅಧ್ಯಯನದ ಪ್ರಕಾರ ನೀರು ಬೆಚ್ಚಗಾಗಿ ಆಮ್ಲಜನಕ ಕಡಿಮೆಯಾದರೆ ಮೊದಲು ಕಣ್ಮರೆಯಾಗುವವು ಈ ದೈತ್ಯ ಪ್ರಭೇದಗಳೇ.

ದಡದ ಸಮೀಪದ ಬಂಡೆಗಳ ಮೇಲೆ ನೀರಿನೊಳಗೆ ಸ್ಪಂಜುಗಳ ತೋಪುಗಳಿವೆ. ಲುಬೊಮಿರ್ಸ್ಕಿಯಾ ಬೈಕಾಲೆನ್ಸಿಸ್ ಎಂಬ ಪ್ರಭೇದ ಕವಲೊಡೆದ ಗಿಡದಂತೆ ಮೀಟರಿನೆತ್ತರಕ್ಕೂ ಬೆಳೆಯಬಲ್ಲದು. ಅದರ ಅಂಗಾಂಶದಲ್ಲಿ ಆಶ್ರಯ ಪಡೆದ ಸೂಕ್ಷ್ಮ ಪಾಚಿಗಳಿಂದಾಗಿ ಬಣ್ಣ ಕಡು ಹಸಿರು. ಮೊದಲ ಬಾರಿಗೆ ಅದರ ಚಿತ್ರವನ್ನು ನೋಡಿದವರು ಸಸ್ಯವೆಂದೇ ಭಾವಿಸಿದರೆ ಆಶ್ಚರ್ಯವಿಲ್ಲ. ಈ ಸ್ಪಂಜುಗಳು ನೀರನ್ನು ಸೋಸಿ ಬದುಕುವ ಪ್ರಾಣಿಗಳು. ಬೈಕಾಲಿನ ನೀರು ಆ ಮಟ್ಟಿಗೆ ಸ್ಫಟಿಕದಂತಿರುವುದಕ್ಕೆ ಇವುಗಳ ಕೊಡುಗೆಯೂ ಉಂಟು. ಹವಳದ ದಿಬ್ಬಗಳು ಸಮುದ್ರದಲ್ಲಿ ಮಾಡುವಂತೆ ಇವೂ ಅಸಂಖ್ಯ ಸಣ್ಣ ಜೀವಿಗಳಿಗೆ ಮನೆಯಾಗಿವೆ. ಇವುಗಳ ವಿಷಯಕ್ಕೆ ಮುಂದೆ ಮರಳಬೇಕಾಗುತ್ತದೆ.

ತೆರೆದ ನೀರಿನ ಮೂವರು

ದಡದ ಈ ವೈವಿಧ್ಯಕ್ಕೆ ಹೋಲಿಸಿದರೆ ಸರೋವರದ ನಟ್ಟನಡುವಿನ ತೆರೆದ ನೀರಿನಲ್ಲಿ ಪ್ರಭೇದಗಳು ಕಡಿಮೆ. ಆದರೆ ಇರುವವು ಅಗಣಿತ ಸಂಖ್ಯೆಯಲ್ಲಿವೆ. ಅಲ್ಲಿನ ಆಹಾರ ಸರಪಳಿಯ ಬುಡದಲ್ಲಿರುವುದು ಎಪಿಷೂರಾ ಬೈಕಾಲೆನ್ಸಿಸ್. ಒಂದೂವರೆ ಮಿಲಿಮೀಟರಿನಷ್ಟಿರುವ ಈ ಕೋಪೆಪಾಡ್ ಸೂಕ್ಷ್ಮ ಪಾಚಿಗಳನ್ನು ಸೋಸಿ ತಿನ್ನುತ್ತದೆ. ಸರೋವರದ ಪ್ರಾಣಿಪ್ಲವಕಗಳ ಒಟ್ಟು ತೂಕದಲ್ಲಿ ನೂರಕ್ಕೆ 80ರಿಂದ 90ರಷ್ಟು ಪಾಲು ಸಾಮಾನ್ಯವಾಗಿ ಇದೊಂದರದೇ. ತಣ್ಣೀರನ್ನು ಬಿಟ್ಟು ಬದುಕಲಾರದ ಪ್ರಾಣಿ ಇದು. ಒಂದು ಪ್ರಭೇದದ ಹೆಗಲ ಮೇಲೆ ಇಷ್ಟು ಭಾರ ಬಿದ್ದಿರುವ ಮತ್ತೊಂದು ಮಹಾಸರೋವರವನ್ನು ಹೆಸರಿಸುವುದು ಕಷ್ಟ.

ಎಪಿಷೂರಾದ ಆಹಾರ ಸಿದ್ಧವಾಗುವುದು ಬಹುಮಟ್ಟಿಗೆ ಹಿಮದ ಕೆಳಗೆ ಎಂಬುದು ಇನ್ನೊಂದು ವಿಶೇಷ. ಜನವರಿಯಿಂದ ಮೇ ತಿಂಗಳವರೆಗೆ ಬೈಕಾಲ್ ಮೀಟರ್ ದಪ್ಪದ ಹಿಮದ ಹಾಸಿನಿಂದ ಮುಚ್ಚಿರುತ್ತದೆ. ಮಳೆ ಹಿಮ ಕಡಿಮೆಯಾದ ಪ್ರದೇಶವಾದುದರಿಂದಲೂ ಗಾಳಿ ಬೀಸಿ ಮೇಲಿನ ಹಿಮದ ಪುಡಿಯನ್ನು ಗುಡಿಸುವುದರಿಂದಲೂ ಆ ಹಾಸು ಅನೇಕ ಕಡೆ ಗಾಜಿನಂತೆ ಪಾರದರ್ಶಕ. ವಸಂತದ ಬಿಸಿಲು ಅದರ ಮೂಲಕ ಇಳಿದು ಡಯಾಟಮ್ ಎಂಬ ಸಿಲಿಕಾ ಚಿಪ್ಪಿನ ಪಾಚಿಗಳನ್ನು ಹುಲುಸಾಗಿ ಬೆಳೆಸುತ್ತದೆ. ನಮ್ಮಲ್ಲಿ ಮುಂಗಾರು ಹೇಗೋ ಬೈಕಾಲಿಗೆ ಹಿಮ ಹಾಗೆ. ಅದು ಬರುವ ಮತ್ತು ಹೋಗುವ ದಿನಗಳ ಮೇಲೆ ವರ್ಷದ ಬೆಳೆ ನಿಂತಿದೆ.

ಎಪಿಷೂರಾವನ್ನು ತಿನ್ನುವವುಗಳಲ್ಲಿ ಮುಖ್ಯವಾದವು ಮ್ಯಾಕ್ರೊಹೆಕ್ಟೋಪಸ್ ಎಂಬ, ತಳ ಬಿಟ್ಟು ತೆರೆದ ನೀರಿನಲ್ಲಿ ಈಜುತ್ತ ಬದುಕುವ ಏಕೈಕ ಸಿಹಿನೀರಿನ ಆಂಫಿಪಾಡ್ ಮತ್ತು ಗೊಲೊಮ್ಯಾಂಕಾ ಎಂಬ ಮೀನು. ಗೊಲೊಮ್ಯಾಂಕಾದಲ್ಲಿ ಎರಡು ಪ್ರಭೇದಗಳಿದ್ದು ಎರಡೂ ಬೈಕಾಲಿಗೆ ಮಾತ್ರ ಸೀಮಿತ. ಇದರ ಪೂರ್ವಜರು ತಳದಲ್ಲಿ ಕಲ್ಲುಗಳ ನಡುವೆ ಬದುಕುವ ಸ್ಕಲ್ಪಿನ್ ಜಾತಿಯ ಮೀನುಗಳು. ಆ ವಂಶಕ್ಕೆ ತೇಲಲು ನೆರವಾಗುವ ಗಾಳಿಚೀಲವಿಲ್ಲ. ನಡುನೀರಿಗೆ ಬಂದ ಗೊಲೊಮ್ಯಾಂಕಾ ಅದರ ಬದಲು ಕೊಬ್ಬನ್ನು ತುಂಬಿಕೊಂಡು ಹಗುರವಾಯಿತು. ದೊಡ್ಡ ಪ್ರಭೇದದಲ್ಲಿ ದೇಹದ ತೂಕದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಕೊಬ್ಬೇ. ಚಿಪ್ಪುಗಳಿಲ್ಲ, ಮೈ ಅರೆಪಾರದರ್ಶಕ. ಹಗಲು ನೂರಾರು ಮೀಟರ್ ಆಳದಲ್ಲಿದ್ದು ರಾತ್ರಿ ಮೇಲಕ್ಕೇರುತ್ತದೆ. ಮೊಟ್ಟೆಯಿಡದೆ ಜೀವಂತ ಮರಿಗಳನ್ನು, ಅದೂ ಒಂದೇ ಸಲಕ್ಕೆ ಎರಡು ಮೂರು ಸಾವಿರದಷ್ಟು, ಹೆರುತ್ತದೆ. ಸರೋವರದಲ್ಲಿರುವ ಮೀನುಗಳ ಒಟ್ಟು ತೂಕದಲ್ಲಿ ಅತಿ ದೊಡ್ಡ ಪಾಲು ಗೊಲೊಮ್ಯಾಂಕಾದ್ದೇ ಆದರೂ, ಹಿಂಡು ಕಟ್ಟದೆ ಒಂಟಿಯಾಗಿ ಚದರಿರುವುದರಿಂದ ಬಲೆಗೆ ಬೀಳುವುದಿಲ್ಲ. ಬಿರುಗಾಳಿಯ ನಂತರ ದಡಕ್ಕೆ ಬಂದು ಬಿದ್ದಾಗ ಅದನ್ನು ಆಯ್ದು ಎಣ್ಣೆ ತೆಗೆಯುವ ರೂಢಿ ಹಿಂದೆ ಇತ್ತು.

ಈ ಸರಪಳಿಯ ತುದಿಯಲ್ಲಿರುವುದು ನೆರ್ಪಾ, ಅಂದರೆ ಬೈಕಾಲ್ ಸೀಲ್. ಸೀಲ್‌ಗಳ ಕುಟುಂಬದಲ್ಲಿ ಸಂಪೂರ್ಣವಾಗಿ ಸಿಹಿನೀರಿನಲ್ಲಿಯೇ ಬದುಕುವ ಪ್ರಭೇದ ಇದೊಂದೇ. ಆರ್ಕ್ಟಿಕ್ ಸಾಗರದ ಸೀಲೊಂದರ ಹತ್ತಿರದ ಬಂಧುವಾದ ಇದು, ಸಮುದ್ರದಿಂದ ಇಷ್ಟು ದೂರದ ಸರೋವರಕ್ಕೆ ಹೇಗೆ ಬಂದಿತೆಂಬುದು ವಿದ್ವಾಂಸರಲ್ಲಿ ಚರ್ಚೆಯ ವಿಷಯವಾಗಿಯೇ ಉಳಿದಿದೆ. ಇವುಗಳ ಸಂಖ್ಯೆಯನ್ನು ಸುಮಾರು 80,000ದಿಂದ ಒಂದು ಲಕ್ಷ ಎಂದು ಅಂದಾಜಿಸಲಾಗಿದೆ. ಚಳಿಗಾಲದಲ್ಲಿ ಉಗುರುಗಳಿಂದ ಹಿಮವನ್ನು ಕೆರೆದು ಉಸಿರುಗಂಡಿಗಳನ್ನು ತೆರೆದಿಟ್ಟುಕೊಳ್ಳುವ ನೆರ್ಪಾ, ಹಿಮದ ದಿಬ್ಬದೊಳಗೆ ಗುಹೆ ಮಾಡಿಕೊಂಡು ಬಿಳಿಯ ತುಪ್ಪಳದ ಮರಿಯನ್ನು ಹೆರುತ್ತದೆ. ಹಿಮ ಬೇಗ ಕರಗಿದ ವರ್ಷ ಗುಹೆ ಕುಸಿದು ಮರಿ ಬಯಲಿಗೆ ಬೀಳುತ್ತದೆ.

ನೆರ್ಪಾ ಮುಖ್ಯವಾಗಿ ಗೊಲೊಮ್ಯಾಂಕಾವನ್ನು ತಿಂದು ಬದುಕುತ್ತದೆಂಬುದು ಬಹುಕಾಲದ ತಿಳಿವಳಿಕೆಯಾಗಿತ್ತು. ಜಪಾನ್ ಮತ್ತು ರಷ್ಯಾದ ಸಂಶೋಧಕರು ಸೀಲ್‌ಗಳ ಬೆನ್ನಿಗೆ ಪುಟ್ಟ ಕ್ಯಾಮೆರಾ ಅಂಟಿಸಿ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೊಂದು ತಿದ್ದುಪಡಿ ಸೂಚಿಸಿತು. ರಾತ್ರಿಯ ಹೊತ್ತು ಮುಳುಗುವ ಸೀಲ್ ಒಂದೊಂದು ಮುಳುಗಿಗೆ ಸರಾಸರಿ 57 ಮ್ಯಾಕ್ರೊಹೆಕ್ಟೋಪಸುಗಳನ್ನು ಒಂದೊಂದಾಗಿ ಹಿಡಿದು ನುಂಗುತ್ತದೆ, ದಿನಕ್ಕೆ ಸಾವಿರಾರು. ಕೆನ್ನೆಯ ಹಲ್ಲುಗಳು ಬಾಚಣಿಗೆಯಂತಿದ್ದು, ಬೇಟೆಯನ್ನು ಬಾಯಲ್ಲಿ ಉಳಿಸಿಕೊಂಡು ನೀರನ್ನು ಹೊರಗೆ ಬಿಡಲು ಅನುಕೂಲವಾಗಿವೆ. ಮೀನನ್ನು ಮನುಷ್ಯರೊಂದಿಗೆ ಹಂಚಿಕೊಳ್ಳಬೇಕಾದ ಸರೋವರದಲ್ಲಿ ಇಷ್ಟೊಂದು ಸೀಲ್‌ಗಳು ಬದುಕುಳಿದಿರುವುದರ ಗುಟ್ಟು, ಮನುಷ್ಯರು ಮುಟ್ಟದ ಈ ಆಹಾರದಲ್ಲಿರಬಹುದು.

ದಡದ ಕಾಡುಗಳ ಪ್ರಾಣಿಗಳ ಬಗೆಗೆ ಎರಡು ಮಾತು ಸಾಕು. ಪೂರ್ವ ತಟದ ಬಾರ್ಗುಜಿನ್ ಅಭಯಾರಣ್ಯ ಅಮೂಲ್ಯ ತುಪ್ಪಳಕ್ಕಾಗಿ ಬೇಟೆಯಾಡಿ ಅಳಿವಿನ ಅಂಚಿಗೆ ತಳ್ಳಲ್ಪಟ್ಟಿದ್ದ ಸೇಬಲ್ ಎಂಬ ಪ್ರಾಣಿಯ ರಕ್ಷಣೆಗೆಂದು 1917ರ ಜನವರಿಯಲ್ಲಿ ಸ್ಥಾಪಿತವಾಯಿತು. ಅಲ್ಲಿ ಸೇಬಲ್ ಮತ್ತೆ ಸಂಖ್ಯೆ ಗಳಿಸಿಕೊಂಡಿತು. ಸರೋವರಕ್ಕೆ ಬರುವ ನದಿನೀರಿನಲ್ಲಿ ಸುಮಾರು ಅರ್ಧದಷ್ಟನ್ನು ತರುವ ಸೆಲೆಂಗಾದ ಮುಖಜ ಭೂಮಿ ವಲಸೆ ಹಕ್ಕಿಗಳ ದೊಡ್ಡ ತಂಗುದಾಣ. 1994ರಿಂದ ಅದು ರಾಮ್ಸಾರ್ ಪಟ್ಟಿಯಲ್ಲಿದೆ. ಆ ನದಿಯ ಮೂಲ ಇರುವುದು ಮಂಗೋಲಿಯಾದಲ್ಲಿ. ಅಲ್ಲಿನ ಎತ್ತರದ ಸರೋವರಗಳಲ್ಲಿ ಮರಿಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಭಾರತಕ್ಕೆ ಚಳಿಗಾಲ ಕಳೆಯಲು ಬರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಪ್ರತಿವರ್ಷ ಇಳಿಯುವ ಹೆಬ್ಬಾತುಗಳೂ ಈ ಜಾತಿಯವೇ.

ಒಂದೇ ಬಿಂದುವಿನ ದಾಖಲೆ

ಬೈಕಾಲ್ ಬದಲಾಗುತ್ತಿದೆಯೆಂದು ಇಂದು ಖಚಿತವಾಗಿ ಹೇಳಲು ಸಾಧ್ಯವಾಗಿರುವುದು ಒಂದು ಕುಟುಂಬದ ಮೂರು ತಲೆಮಾರುಗಳ ಶ್ರಮದಿಂದ. ಇರ್ಕುತ್ಸ್ಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಿಖಾಯಿಲ್ ಕೊಝೋವ್ 1945ರಲ್ಲಿ, ಮಹಾಯುದ್ಧ ಮುಗಿಯುತ್ತಿದ್ದ ಹೊತ್ತಿನಲ್ಲಿ, ಬೊಲ್ಶಿಯೆ ಕೋತಿ ಎಂಬ ಹಳ್ಳಿಯ ದಡದಿಂದ ಸುಮಾರು 2.7 ಕಿಲೋಮೀಟರ್ ಒಳಗೆ ಒಂದು ಸ್ಥಳವನ್ನು ಗೊತ್ತುಮಾಡಿಕೊಂಡನು. ವಾರ ಹತ್ತು ದಿನಗಳಿಗೊಮ್ಮೆ, ಬೇಸಿಗೆಯಲ್ಲಿ ದೋಣಿಯಿಂದ, ಚಳಿಗಾಲದಲ್ಲಿ ಹಿಮಕ್ಕೆ ಕೊರೆದ ರಂಧ್ರದಿಂದ, ನಾನಾ ಆಳಗಳ ನೀರನ್ನು ಎತ್ತಿ ಅದರ ಉಷ್ಣತೆ, ಪಾರದರ್ಶಕತೆ, ಅದರಲ್ಲಿನ ಪ್ಲವಕಗಳನ್ನು ದಾಖಲಿಸತೊಡಗಿದನು. ಅವನ ನಂತರ ಮಗಳು ಓಲ್ಗಾ ಕೊಝೋವಾ, ಅವಳ ನಂತರ ಮೊಮ್ಮಗಳು ಲ್ಯುಬೋವ್ ಇಝ್‌ಮೆಸ್ತ್ಯೇವಾ ಈ ಕಾರ್ಯವನ್ನು ಮುಂದುವರಿಸಿದರು. ಸರ್ಕಾರಗಳು ಬದಲಾದವು, ದೇಶದ ಹೆಸರೇ ಬದಲಾಯಿತು. ನೀರೆತ್ತುವ ಕೆಲಸ ನಿಲ್ಲಲಿಲ್ಲ. ತಕ್ಷಣದ ಫಲಿತಾಂಶವಿಲ್ಲದ, ಪ್ರಶಸ್ತಿ ತಾರದ ಇಂಥ ದಿನಚರಿಯ ವಿಜ್ಞಾನಕ್ಕೆ ನಮ್ಮ ಸಂಶೋಧನ ವಲಯಗಳಲ್ಲಿ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲವೆಂದು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು.

ಈ ದಾಖಲೆಗಳ ವಿಶ್ಲೇಷಣೆ ಅಮೆರಿಕದ ವಿಜ್ಞಾನಿಗಳ ಸಹಯೋಗದಲ್ಲಿ 2008ರಲ್ಲಿ ಪ್ರಕಟವಾಯಿತು. 1946ರಿಂದೀಚೆಗೆ ಮೇಲ್ಪದರದ ನೀರಿನ ಉಷ್ಣತೆ 1.21 ಡಿಗ್ರಿ ಸೆಲ್ಸಿಯಸ್ ಏರಿತ್ತು. ಪಾಚಿಗಳ ಪ್ರಮಾಣವನ್ನು ಸೂಚಿಸುವ ಪತ್ರಹರಿತ್ತು 1979ರಿಂದೀಚೆಗೆ ಶೇಕಡ 300ರಷ್ಟು ಹೆಚ್ಚಿತ್ತು. ಬೆಚ್ಚನೆಯ ನೀರನ್ನು ಬಯಸುವ, ಜಗತ್ತಿನ ಎಲ್ಲ ಕಡೆಯೂ ಸಿಗುವ ಕ್ಲಾಡೊಸಿರನ್ ಎಂಬ ಪ್ಲವಕಗಳು 1946ರಿಂದೀಚೆಗೆ ಶೇಕಡ 335ರಷ್ಟು ಹೆಚ್ಚಿದ್ದವು. ಹಿಮವಿಲ್ಲದ ಅವಧಿ 1869ರಿಂದ 2000ದವರೆಗಿನ ಕಾಲದಲ್ಲಿ 18 ದಿನಗಳಷ್ಟು ಉದ್ದವಾಗಿತ್ತು. ಅಗಾಧ ಜಲರಾಶಿಯಿಂದಾಗಿ ಹವಾಮಾನದ ಏರುಪೇರುಗಳಿಗೆ ಬೈಕಾಲ್ ಜಗ್ಗದೆಂಬ ನಂಬಿಕೆ ಅಲ್ಲಿಯವರೆಗೆ ಇತ್ತು. ಎಪಿಷೂರಾ ಇನ್ನೂ ಪ್ರಬಲವಾಗಿಯೇ ಇದೆ. ಆದರೆ ಅದರ ನೀರಿನಲ್ಲಿ ಇತರರಿಗೆ ಅನುಕೂಲವಾಗುತ್ತಿದೆ.

ಅಂಚಿನಲ್ಲಿ ಆಗುತ್ತಿರುವುದು

ಬೈಕಾಲಿನ ಸಂರಕ್ಷಣೆಯ ಇತಿಹಾಸದಲ್ಲಿ ಅತ್ಯಂತ ಪ್ರಸಿದ್ಧವಾದುದು ದಕ್ಷಿಣ ತಟದ ಬೈಕಾಲ್‌ಸ್ಕ್ ಪಟ್ಟಣದ ತಿರುಳು ಮತ್ತು ಕಾಗದ ಕಾರ್ಖಾನೆಯ ವಿವಾದ. 1966ರಲ್ಲಿ ಆರಂಭವಾದ ಈ ಕಾರ್ಖಾನೆಯನ್ನು ವಿರೋಧಿಸಿ ವಿಜ್ಞಾನಿ ಗ್ರಿಗೊರಿ ಗಲಾಝಿ, ಕಾದಂಬರಿಕಾರ ವ್ಯಾಲೆಂಟಿನ್ ರಾಸ್ಪುಟಿನ್ ಮೊದಲಾದವರು ದನಿಯೆತ್ತಿದರು. ಬಹಿರಂಗ ಪ್ರತಿಭಟನೆ ಸುಲಭವಲ್ಲದ ಸೋವಿಯತ್ ವ್ಯವಸ್ಥೆಯಲ್ಲಿ ಅದು ಅಪೂರ್ವ ಸಂಗತಿಯಾಗಿತ್ತು. 1996ರಲ್ಲಿ ಯುನೆಸ್ಕೊ ಸರೋವರವನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಕಾರ್ಖಾನೆ ಮುಚ್ಚಿದ್ದು 2013ರಲ್ಲಿ. ಅದು ಉಳಿಸಿಹೋದ ಲಿಗ್ನಿನ್ ಕೆಸರಿನ ಹೊಂಡಗಳು ಭೂಕಂಪ ಮತ್ತು ಕೆಸರುಪ್ರವಾಹಗಳ ಆ ತಟದಲ್ಲಿ ಇನ್ನೊಂದು ಸಮಸ್ಯೆಯಾದವು. ಈ ನಡುವೆ 1987-88ರಲ್ಲಿ ಸಾವಿರಾರು ನೆರ್ಪಾಗಳು ಸತ್ತಾಗ ಅನೇಕರು ಕಲ್ಮಶವನ್ನು ಶಂಕಿಸಿದರಾದರೂ, ಪರೀಕ್ಷೆಯಲ್ಲಿ ಸಿಕ್ಕಿದ್ದು ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ಜಾಡ್ಯದ ವೈರಸ್.

ಕಾರ್ಖಾನೆಯ ಕೊಳವೆ ಕಣ್ಣಿಗೆ ಕಾಣುವ ಶತ್ರುವಾಗಿತ್ತು. ನಂತರ ಬಂದ ಕೇಡಿಗೆ ಅಂಥ ಮುಖವಿಲ್ಲ. ಸುಮಾರು 2010-11ರಿಂದ ದಡದ ಹಳ್ಳಿ ಪಟ್ಟಣಗಳ ಸಮೀಪ, ಮುಖ್ಯವಾಗಿ ಲಿಸ್ಟ್‌ವ್ಯಾಂಕಾ ಮತ್ತು ಉತ್ತರ ತುದಿಯ ಸೆವೆರೊಬೈಕಾಲ್‌ಸ್ಕ್‌ಗಳ ಬಳಿ, ಬೈಕಾಲಿನ ಆಳವಿಲ್ಲದ ನೀರಿನಲ್ಲಿ ಸ್ಪೈರೊಗೈರಾ ಎಂಬ ನೂಲುಪಾಚಿ ದಟ್ಟವಾಗಿ ಹಬ್ಬತೊಡಗಿತು. ನಮ್ಮ ಕಾಲೇಜುಗಳ ಸಸ್ಯಶಾಸ್ತ್ರ ಪ್ರಯೋಗಾಲಯಗಳಲ್ಲಿ ವಿದ್ಯಾರ್ಥಿಗಳು ಸೂಕ್ಷ್ಮದರ್ಶಕದಡಿ ನೋಡುವ ಅದೇ ಪಾಚಿ. ಒಲೆಗ್ ತಿಮೊಷ್ಕಿನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನು ವಿಸ್ತಾರವಾಗಿ ದಾಖಲಿಸಿ, ಸರಿಯಾಗಿ ಶುದ್ಧೀಕರಿಸದೆ ಬಿಟ್ಟ ಕೊಳಚೆನೀರನ್ನು ಮುಖ್ಯ ಕಾರಣವೆಂದು ಗುರುತಿಸಿತು. ಪ್ರವಾಸಿಗರು ಹೆಚ್ಚಿದರು, ವಸತಿಗೃಹಗಳು ಹೆಚ್ಚಿದವು, ಚರಂಡಿಯ ವ್ಯವಸ್ಥೆ ಹಳೆಯದೇ ಉಳಿಯಿತು. ನಮ್ಮ ನಗರಗಳ ಕೆರೆಗಳಲ್ಲಿ ಅಂತರಗಂಗೆಯನ್ನು ಬೆಳೆಸುವ ಸಾರಜನಕ ಮತ್ತು ರಂಜಕಗಳೇ ಅಲ್ಲಿ ಈ ಪಾಚಿಯನ್ನು ಬೆಳೆಸುತ್ತಿವೆ.

ಸರೋವರದ ಒಟ್ಟು ನೀರಿನೊಂದಿಗೆ ಹೋಲಿಸಿದರೆ ಆ ಕೊಳಚೆ ಲೆಕ್ಕಕ್ಕೇ ಬಾರದಷ್ಟು ಅಲ್ಪ. ಆದರೆ ಕೊಳಚೆ 23,600 ಘನ ಕಿಲೋಮೀಟರಿನಲ್ಲಿ ಸಮನಾಗಿ ಬೆರೆಯುವುದಿಲ್ಲ. ಅದು ದಡದ ಮರಳು, ಬಂಡೆಗಳ ನಡುವಿನ ಕಿರಿದಾದ ಪಟ್ಟಿಯಲ್ಲಿ ಉಳಿಯುತ್ತದೆ. ಸ್ಪಂಜುಗಳ ತೋಪುಗಳು, ನೂರಾರು ಬಗೆಯ ಆಂಫಿಪಾಡುಗಳು, ಬಸವನಹುಳುಗಳು, ತಳವಾಸಿ ಮೀನುಗಳ ಮೊಟ್ಟೆಗಳು ಇರುವುದೂ ಆ ಪಟ್ಟಿಯಲ್ಲಿಯೇ. ಪಾಚಿ ಹಬ್ಬಿದ ಅದೇ ವರ್ಷಗಳಲ್ಲಿ ಸ್ಪಂಜುಗಳು ತಮ್ಮ ಹಸಿರನ್ನು ಕಳೆದುಕೊಂಡು ಬಿಳಿಚಿಕೊಳ್ಳುವುದನ್ನೂ, ಕಂದು ಕಲೆಗಳಾಗಿ ಕೊಳೆಯುವುದನ್ನೂ ಮುಳುಗುಗಾರರು ಕಂಡರು. ಈ ರೋಗ ವಸತಿಗಳಿಂದ ದೂರದ ತಟಗಳಲ್ಲಿಯೂ ಕಾಣಿಸಿಕೊಂಡಿರುವುದರಿಂದ ಕೊಳಚೆಯೊಂದೇ ಅದಕ್ಕೆ ಕಾರಣವೆಂದು ಹೇಳುವಂತಿಲ್ಲ; ಬೆಚ್ಚಗಾಗುತ್ತಿರುವ ನೀರು ಸ್ಪಂಜು ಮತ್ತು ಪಾಚಿಗಳ ಸಹಬಾಳ್ವೆಯನ್ನು ಕೆಡಿಸುತ್ತಿದೆಯೇ ಎಂಬ ದಿಕ್ಕಿನಲ್ಲಿ ಸಂಶೋಧನೆ ಸಾಗಿದೆ.

ಅಂಚನ್ನು ಅವಲಂಬಿಸಿದ ಇನ್ನೊಂದು ಜೀವಿ ಓಮುಲ್ ಮೀನು. ತೆರೆದ ನೀರಿನಲ್ಲಿ ಬೆಳೆದರೂ ಮೊಟ್ಟೆಯಿಡಲು ನದಿಗಳನ್ನು ಏರುವ ಓಮುಲ್, ತಟದ ಜನರ ಊಟವೂ ಹೌದು, ಸಂಪಾದನೆಯೂ ಹೌದು. ಅದರ ಸಂಖ್ಯೆ ಕುಸಿದುದರಿಂದ 2017ರ ಅಕ್ಟೋಬರಿನಲ್ಲಿ ವಾಣಿಜ್ಯ ಮೀನುಗಾರಿಕೆಯನ್ನು ನಿಷೇಧಿಸಲಾಯಿತು. ಮೀನುಗಾರಿಕೆಯ ಹೊರತು ಬೇರೆ ಕಸುಬಿಲ್ಲದ ಹಳ್ಳಿಗಳಿಗೆ ಇದರಿಂದಾದ ಕಷ್ಟವನ್ನು ಅಲ್ಲಗಳೆಯಲಾಗದು. ಅವರಲ್ಲಿ ಕೆಲವರು ಪ್ರವಾಸಿಗರಿಗೆ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಡತೊಡಗಿದರೆ ಅದೇ ಚರಂಡಿಯ ಪ್ರಶ್ನೆ ಮತ್ತೆ ಎದುರಾಗುತ್ತದೆ.

ಕೊಝೋವ್ ಗೊತ್ತುಮಾಡಿದ ಬಿಂದು ದಡದಿಂದ ಸುಮಾರು 2.7 ಕಿಲೋಮೀಟರ್ ದೂರದಲ್ಲಿತ್ತು. ತೆರೆದ ನೀರನ್ನು ಅರಿಯಲು ಅದು ತಕ್ಕ ಸ್ಥಳ. ಆದರೆ ದಡದ ಬಂಡೆಗಳ ಮೇಲೆ ಏನಾಗುತ್ತಿದೆಯೆಂಬುದು ಅಲ್ಲಿಂದ ಎತ್ತಿದ ನೀರಿನಲ್ಲಿ ಕಾಣುವಂತಿರಲಿಲ್ಲ. ಆರೋಗ್ಯವಾಗಿದ್ದ ಸ್ಪಂಜುಗಳ ತೋಪುಗಳನ್ನು ಅಷ್ಟೇ ದೀರ್ಘಕಾಲ, ಅಷ್ಟೇ ನಿಯಮಿತವಾಗಿ ಯಾರೂ ಎಣಿಸಿರಲಿಲ್ಲ. ಈಗ ಮುಳುಗುಗಾರರು ನಿಗದಿತ ತಟಗಳಿಗೆ ಮತ್ತೆ ಮತ್ತೆ ಇಳಿದು, ಬಂಡೆಯ ಮೇಲೆ ಗುರುತು ಮಾಡಿದ ಅದೇ ಅಂಗಳದಲ್ಲಿ ಹಸಿರಾಗಿರುವ ಸ್ಪಂಜುಗಳೆಷ್ಟು, ಬಿಳಿಚಿದವೆಷ್ಟು ಎಂದು ಲೆಕ್ಕವಿಡುತ್ತಿದ್ದಾರೆ.